ಎಂಟನೇ ಕ್ಲಾಸಿನ ಗಣಿತ: ಯಾವ ಪಾಠಕ್ಕೆ ಕಡಿಮೆ ಸಮಯ ಕೊಡ್ತೀರಿ?

ಮೇ ಕೊನೆಯ ವಾರ ಬಂತು ಅಂದರೆ ನಮ್ಮ ಗಣಿತ ಶಿಕ್ಷಕರ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಕೋರಿಕೆ. "ಎಂಟನೇ ತರಗತಿ ವಾರ್ಷಿಕ ಪಾಠ ಯೋಜನೆ ಪಿಡಿಎಫ್ ಇದ್ರೆ ಹಾಕಿ ಸರ್." ಯಾರೋ ಪುಣ್ಯಾತ್ಮರು ಹಾಕುತ್ತಾರೆ. ಶಾಲೆಯ ಹೆಸರು, ವರ್ಷ ಬದಲಾಯಿಸಿ, ಪ್ರಿಂಟ್ ತೆಗೆದು, ಎಚ್ಎಂ ಸಹಿ ಹಾಕಿಸಿ ಫೈಲಿಗೆ ಸೇರಿಸಿದರೆ ಆಯಿತು. ಇದನ್ನು ಬೈಯುವುದಕ್ಕೆ ಹೇಳುತ್ತಿಲ್ಲ. ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಟೀಚರ್ ಒಬ್ಬರೇ ಇರುವ ಹೈಸ್ಕೂಲಿನಲ್ಲಿ ಎಂಟು, ಒಂಬತ್ತು, ಹತ್ತರ ಗಣಿತದ ಜೊತೆ ವಿಜ್ಞಾನವೂ ಅವರ ತಲೆ ಮೇಲೇ ಇರುತ್ತದೆ. ಅಷ್ಟೂ ಯೋಜನೆಗಳನ್ನು ಕೂತು ಬರೆಯಲು ಯಾರಿಗೆ ಪುರುಸೊತ್ತು?

ನನ್ನ ತಕರಾರು ಆ ಪಿಡಿಎಫ್ ಒಳಗಿನ ಹಂಚಿಕೆಯ ಬಗ್ಗೆ. ತಿಂಗಳು, ಘಟಕ, ಅವಧಿ ಅಂತ ಕಾಲಂಗಳು. ಎಲ್ಲ ಪಾಠಕ್ಕೂ ಹೆಚ್ಚೂಕಡಿಮೆ ಒಂದೇ ಪಾಲು. ಎಲ್ಲ ಪಾಠಗಳ ತೂಕ ಒಂದೇ ಅಂತ ಎಂಟನೇ ಕ್ಲಾಸಿಗೆ ಪಾಠ ಮಾಡಿದ ಯಾರೂ ಒಪ್ಪಲಾರರು. ಆದರೂ ಪ್ರತಿ ಜೂನ್‌ನಲ್ಲಿ ಹಾಗೇ ಬರೆದು ಸಹಿ ಹಾಕುತ್ತೇವೆ. ನನ್ನ ಪ್ರಕಾರ ವರ್ಷದ ಯೋಜನೆ ಅಂದರೆ ಯಾವ ಪಾಠಕ್ಕೆ ಕಡಿಮೆ ಸಮಯ ಕೊಡುತ್ತೇವೆ ಅಂತ ಜೂನ್‌ನಲ್ಲೇ ಧೈರ್ಯವಾಗಿ ಬರೆದಿಡುವುದು. ನಾವು ಬರೆಯದಿದ್ದರೂ ಯಾವುದೋ ಪಾಠಕ್ಕೆ ಸಮಯ ಕಡಿಮೆ ಬಿದ್ದೇ ಬೀಳುತ್ತದೆ. ಆಗ ಅದನ್ನು ತೀರ್ಮಾನ ಮಾಡುವುದು ನಾವಲ್ಲ, ಮಳೆ.

ನಾನಿರುವುದು ಮಲೆನಾಡಿನಲ್ಲಿ, ಹಾಗಾಗಿ ಮಳೆ ಅಂದದ್ದು ಬರೀ ಮಾತಿಗಲ್ಲ. ಜುಲೈನಲ್ಲಿ ಡಿಸಿ ರಜೆ ಕೊಟ್ಟರಾ ಅಂತ ಮಕ್ಕಳು ಹಿಂದಿನ ರಾತ್ರಿಯಿಂದಲೇ ಕಾಯುತ್ತಿರುತ್ತಾರೆ. (ಟೀಚರುಗಳೂ ಕಾಯುತ್ತಾರೆ, ಸುಮ್ನೆ ಯಾಕೆ ಮುಚ್ಚಿಡೋದು.) ಆ ರಜೆಯನ್ನು ಶನಿವಾರ ಮಧ್ಯಾಹ್ನ ತುಂಬಿಸಿ ಅನ್ನುತ್ತಾರೆ, ಕಾಗದದ ಮೇಲೆ ತುಂಬುತ್ತದೆ. ಆಮೇಲೆ ಕ್ರೀಡಾಕೂಟ, ಪ್ರತಿಭಾ ಕಾರಂಜಿ, ತರಬೇತಿ, ಎಫ್ಎ, ಎಸ್ಎ ಅನ್ನುವ ಪರೀಕ್ಷೆಗಳು. ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಎಂಟನೇ ಕ್ಲಾಸಿಗೆ ವರ್ಷಕ್ಕೆ 220 ಕೆಲಸದ ದಿನ, 1000 ಗಂಟೆ ಪಾಠ ಅನ್ನುತ್ತದೆ. ನಮ್ಮ ಪಿಡಿಎಫ್‌ಗಳೂ ಆ 220ನ್ನೇ ನಂಬಿ ಅವಧಿ ಹಂಚುತ್ತವೆ. ಗಣಿತಕ್ಕೆ ನಿಜವಾಗಿ ಕೈಗೆ ಸಿಗುವ ಪಿರಿಯಡ್ ನೂರೈವತ್ತರ ಆಸುಪಾಸು ಅಂತ ಇಟ್ಟುಕೊಂಡು ನಾನು ಲೆಕ್ಕ ಹಾಕುವುದು.

ಅದೂ ಕೆಲವೊಮ್ಮೆ ಜಾಸ್ತಿಯೇ ಆಗುತ್ತದೆ. 2025ರ ವೇಳಾಪಟ್ಟಿ ನೋಡಿ. ದಸರಾ ರಜೆ ಸೆಪ್ಟೆಂಬರ್ 20ರಿಂದ ಅಕ್ಟೋಬರ್ 7 ಅಂತ ಇತ್ತು. ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಬಂತು, ಶಿಕ್ಷಕರು ಮನೆ ಮನೆಗೆ ಹೋಗಬೇಕಾಯಿತು. ಸರ್ಕಾರಿ, ಅನುದಾನಿತ ಶಾಲೆಗಳ ರಜೆ ಅಕ್ಟೋಬರ್ 18ರವರೆಗೆ ಹಿಗ್ಗಿತು. ಅದರ ಬೆನ್ನಿಗೇ ದೀಪಾವಳಿ. ಸಮೀಕ್ಷೆ ತಪ್ಪು ಅಂತ ನನ್ನ ವಾದವಲ್ಲ. ಜೂನ್‌ನಲ್ಲಿ ಅಕ್ಟೋಬರ್ ಎರಡನೇ ವಾರದ ಎದುರು ನಾವು ಬರೆದ ಪಾಠ ಎಲ್ಲಿಗೆ ಹೋಯಿತು ಅನ್ನುವುದಷ್ಟೇ ಪ್ರಶ್ನೆ. ಅದಕ್ಕೂ ಮೊದಲು 2024ರ ಮಾರ್ಚಿನಲ್ಲಿ ಐದು, ಎಂಟು, ಒಂಬತ್ತನೇ ಕ್ಲಾಸಿನ ಬೋರ್ಡ್ ಪರೀಕ್ಷೆ ಶುರುವಾಗಿ, ಸುಪ್ರೀಂ ಕೋರ್ಟ್ ತಡೆಯಿಂದ ಮಧ್ಯದಲ್ಲೇ ನಿಂತು, ಹೈಕೋರ್ಟ್ ತೀರ್ಪಿನ ನಂತರ ಮತ್ತೆ ನಡೆದದ್ದು ನೆನಪಿರಬಹುದು. ಫಲಿತಾಂಶಕ್ಕೂ ಮತ್ತೆ ತಡೆ ಬಿತ್ತು.

ಇಷ್ಟೆಲ್ಲ ಗೊತ್ತಿದ್ದೂ ಎಲ್ಲ ವಾರಕ್ಕೂ ಒಂದೊಂದು ಪಾಠ ತುಂಬಿಸುವುದು ಯೋಜನೆ ಅಲ್ಲ, ಹರಕೆ.

ಈಗ ಕ್ಲಾಸಿನ ಒಳಗೆ ಬರೋಣ. ಹೈಸ್ಕೂಲಿನ ಎಂಟನೇ ಕ್ಲಾಸಿಗೆ ಸುತ್ತಲಿನ ಐದಾರು ಪ್ರಾಥಮಿಕ ಶಾಲೆಗಳಿಂದ ಮಕ್ಕಳು ಬರುತ್ತಾರೆ. ಒಬ್ಬಳು ದಶಮಾಂಶ ಗುಣಾಕಾರ ಬಾಯಲ್ಲೇ ಮಾಡುತ್ತಾಳೆ. ಅವಳ ಪಕ್ಕದಲ್ಲಿ ಕೂತವನಿಗೆ 7ರ ಮಗ್ಗಿ ನಡುವೆಯೇ ಕೈ ಕೊಡುತ್ತದೆ. ಹಳ್ಳಿ ಮಕ್ಕಳ ಓದು, ಲೆಕ್ಕವನ್ನು ಮನೆ ಮನೆಗೆ ಹೋಗಿ ಪರೀಕ್ಷಿಸುವ ಅಸರ್ ಸಮೀಕ್ಷೆಯ 2024ರ ವರದಿ ಪ್ರಕಾರ ದೇಶದ ಹಳ್ಳಿಗಳಲ್ಲಿ ಎಂಟನೇ ಕ್ಲಾಸಿನ ಮಕ್ಕಳಲ್ಲಿ ಮೂರಂಕಿಯನ್ನು ಒಂದಂಕಿಯಿಂದ ಭಾಗಿಸಲು ಬಂದದ್ದು ನೂರಕ್ಕೆ 45.8 ಮಂದಿಗೆ. ಅಂದರೆ ಅರ್ಧಕ್ಕಿಂತ ಕಡಿಮೆ. ಈ ಮಕ್ಕಳ ಎದುರು ಪುಸ್ತಕ ಶುರುವಿನಲ್ಲೇ ಭಾಗಲಬ್ಧ ಸಂಖ್ಯೆ ಇಡುತ್ತದೆ. 2/3ಕ್ಕೆ 1/5 ಕೂಡಿಸಿ ಅಂದರೆ ಕ್ಲಾಸಿನ ದೊಡ್ಡ ಗುಂಪು 3/8 ಅಂತ ಬರೆಯುತ್ತದೆ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು. ಲಸಾಅ ತೆಗೆಯುವ ನಿಯಮವನ್ನು ಇನ್ನೊಮ್ಮೆ ಬೋರ್ಡ್ ಮೇಲೆ ಬರೆದರೆ ಆ ದಿನ ಸರಿಯಾಗುತ್ತದೆ, ಮುಂದಿನ ವಾರ ಮತ್ತೆ 3/8. ಬದಲಿಗೆ "2/3 ಅಂದರೆ ಅರ್ಧಕ್ಕಿಂತ ಜಾಸ್ತಿನೋ ಕಡಿಮೆನೋ? 3/8? ಹಾಗಾದರೆ ಕೂಡಿಸಿದ ಮೇಲೆ ಕಡಿಮೆ ಹೇಗಾಯ್ತು?" ಅಂತ ಕೇಳಿ, ಅವರು ಕಿತ್ತಾಡಲು ಬಿಡಬೇಕು. ಇದಕ್ಕೆ ಪಿರಿಯಡ್ ಬೇಕು. ಒಂದೆರಡಲ್ಲ.

ಹಿಂದಿನ ಕ್ಲಾಸುಗಳಲ್ಲಿ ಕಲಿಯದೆ ಉಳಿದದ್ದನ್ನು ವರ್ಷದ ಶುರುವಿನಲ್ಲಿ ಕಲಿಸುವ ಸೇತುಬಂಧ ಇದೆಯಲ್ಲ ಅನ್ನಬಹುದು. ಇದೆ. ಜೂನ್‌ನಲ್ಲಿ ನೈದಾನಿಕ ಪರೀಕ್ಷೆ, ಸ್ವಲ್ಪ ದಿನ ಪಾಠ, ಕೊನೆಗೆ ಸಾಫಲ್ಯ ಪರೀಕ್ಷೆ. ಆಲೋಚನೆ ಒಳ್ಳೆಯದೇ. ಆದರೆ ಮೂರು ವರ್ಷದಲ್ಲಿ ಬರದ ಭಿನ್ನರಾಶಿ ಎರಡು ವಾರದಲ್ಲಿ ಬಂತು ಅಂತ ನಾವೇ ಬರೆದು, ಆ ಫೈಲನ್ನು ಮುಚ್ಚುತ್ತೇವೆ. ನನ್ನ ಯೋಜನೆಯಲ್ಲಿ ಸೇತುಬಂಧಕ್ಕೆ ಮುಗಿಯುವ ತಾರೀಖು ಇಲ್ಲ. ಜೂನ್, ಜುಲೈ ಎರಡೂ ತಿಂಗಳು ಭಿನ್ನರಾಶಿ, ಋಣ ಸಂಖ್ಯೆ, ಭಾಗಾಕಾರಕ್ಕೇ. ಭಾಗಲಬ್ಧ ಸಂಖ್ಯೆಯ ಪಾಠ ಅದರೊಳಗೇ ಮುಗಿಯುತ್ತದೆ. ಆಮೇಲೂ ಪ್ರತಿ ಪಿರಿಯಡ್ಡಿನ ಮೊದಲ ಹತ್ತು ನಿಮಿಷ ಹಳೆಯ ಲೆಕ್ಕ.

ಹಾಗಾದರೆ ಉಳಿದ ಪಾಠ? ಇಲ್ಲೇ ನಾನು ಪಾಠಗಳನ್ನು ಒಂದರೊಳಗೊಂದು ಸೇರಿಸುವುದು. ನಮ್ಮ ಕಡೆ ಎಲ್ಲರ ಮನೆಯಲ್ಲೂ ಪಹಣಿ ಇರುತ್ತದೆ, ಇಲ್ಲದಿದ್ದರೆ ಪಹಣಿಯ ಜಗಳವಾದರೂ ಇರುತ್ತದೆ. ಎಕರೆ, ಗುಂಟೆ ಮಕ್ಕಳಿಗೆ ಹೊಸದಲ್ಲ. ಒಂದು ಗುಂಟೆ ಅಂದರೆ 33 ಅಡಿ ಉದ್ದ, 33 ಅಡಿ ಅಗಲದ ಚೌಕ. 1089 ಚದರ ಅಡಿ. ಶಾಲೆಯ ಅಂಗಳದಲ್ಲಿ ಹಗ್ಗ ಹಿಡಿದು, ಸುಣ್ಣ ಹಾಕಿ ಒಂದು ಗುಂಟೆ ಗುರುತು ಮಾಡಿಸಿ ನೋಡಿ. ಮೊದಲು 33ರ ವರ್ಗ. ಅದನ್ನು 30 ಮತ್ತು 3 ಅಂತ ಒಡೆದರೆ ಚೌಕದೊಳಗೆ ನಾಲ್ಕು ತುಂಡು: 900, ಎರಡು 90, ಒಂದು 9. ಎ ಪ್ಲಸ್ ಬಿ ಹೋಲ್ ಸ್ಕ್ವೇರ್ ಅಲ್ಲೇ ನೆಲದ ಮೇಲೆ ಬಿದ್ದಿರುತ್ತದೆ. ಆ ಎರಡು 90ನ್ನು ಕಾಲಲ್ಲಿ ತುಳಿದ ಮಗು ಉತ್ತರವನ್ನು ಬರೀ ಎ ಸ್ಕ್ವೇರ್ ಪ್ಲಸ್ ಬಿ ಸ್ಕ್ವೇರ್ ಅಂತ ಬರೆಯುವುದು ಕಡಿಮೆಯಾಗುತ್ತದೆ. ಪೂರ್ತಿ ನಿಲ್ಲುವುದಿಲ್ಲ, ಸುಳ್ಳು ಹೇಳಬಾರದು.

ಅಲ್ಲಿಂದ ಮುಂದೆ "ಬದಿ ಎರಡರಷ್ಟು ಮಾಡಿದರೆ ಎಷ್ಟು ಗುಂಟೆ?" ಅಂತ ಕೇಳಿ. ಎಲ್ಲರೂ ಎರಡು ಅನ್ನುತ್ತಾರೆ. 66 ಅಡಿ ಅಳೆದಾಗ ನಾಲ್ಕು ಗುಂಟೆ ಕಾಣುತ್ತದೆ. ಹದಿನಾರು ಗುಂಟೆಯ ಚೌಕದ ಬದಿ ಎಷ್ಟು? 132 ಅಡಿ. ವರ್ಗಮೂಲ ಬಂತು. ಹತ್ತು ಗುಂಟೆಯ ಚೌಕ? 10890ಕ್ಕೆ ಪೂರ್ಣ ಸಂಖ್ಯೆಯ ವರ್ಗಮೂಲ ಇಲ್ಲ. 104ಕ್ಕಿಂತ ಜಾಸ್ತಿ, 105ಕ್ಕಿಂತ ಕಡಿಮೆ. "ಮೇಡಂ, ಹಾಗಾದ್ರೆ ಹತ್ತು ಗುಂಟೆ ಚೌಕ ಮಾಡೋಕೇ ಆಗಲ್ವಾ?" ಅಂತ ಯಾರಾದರೂ ಕೇಳಿದರೆ ಒಂಬತ್ತನೇ ಕ್ಲಾಸಿನ ಅಭಾಗಲಬ್ಧ ಸಂಖ್ಯೆಯ ಬಾಗಿಲು ಅಲ್ಲಿಯೇ ತೆರೆದ ಹಾಗೆ. ವರ್ಗ, ವರ್ಗಮೂಲ, ನಿತ್ಯಸಮೀಕರಣ, ಕ್ಷೇತ್ರಗಣಿತ, ಇವೆಲ್ಲ ಪಿಡಿಎಫ್‌ನಲ್ಲಿ ಬೇರೆ ಬೇರೆ ತಿಂಗಳಲ್ಲಿವೆ. ಒಟ್ಟಿಗೆ ಮಾಡಿದರೆ ಪಿರಿಯಡ್ ಉಳಿಯುತ್ತದೆ, ಅದಕ್ಕಿಂತ ಹೆಚ್ಚಾಗಿ ಒಂದಕ್ಕೊಂದು ಸಂಬಂಧ ಇದೆ ಅನ್ನುವುದು ಮಕ್ಕಳಿಗೆ ಗೊತ್ತಾಗುತ್ತದೆ.

ಕತ್ತರಿ ಹಾಕುವ ಪಾಠಗಳನ್ನೂ ಹೆಸರು ಹಿಡಿದೇ ಹೇಳುತ್ತೇನೆ. ದತ್ತಾಂಶ ನಿರ್ವಹಣೆಗೆ ಒಂದು ವಾರ ಸಾಕು. ಸ್ತಂಭಾಲೇಖ ಅವರಿಗೆ ಹಿಂದಿನ ಕ್ಲಾಸುಗಳಿಂದಲೇ ಗೊತ್ತು. ಘನಮೂಲಕ್ಕೆ ಎರಡು ಪಿರಿಯಡ್. ನಕ್ಷೆಯನ್ನು ಬೇರೆ ಪಾಠವಾಗಿ ಮಾಡುವುದಿಲ್ಲ, ನೇರ ಅನುಪಾತದ ಜೊತೆಯೇ ಬರುತ್ತದೆ. ಘಾತಾಂಕದ ದೊಡ್ಡ ಸಂಖ್ಯೆಗಳು ವಿಜ್ಞಾನದ ಪಿರಿಯಡ್ಡಿಗೆ ಹೋಗಲಿ, ಅಲ್ಲಿರುವುದೂ ನಾನೇ. ಚತುರ್ಭುಜದ ಬಗ್ಗೆ ಇನ್ನೂ ನನಗೇ ಎರಡು ಮನಸ್ಸು. ಅದನ್ನು ಗಡಿಬಿಡಿಯಲ್ಲಿ ಮುಗಿಸಿದರೆ ಒಂಬತ್ತರಲ್ಲಿ ಪ್ರಮೇಯ ಬರೆಯುವಾಗ ಏಟು ಬೀಳುತ್ತದೆ.

ಉಳಿಸಿದ್ದನ್ನೆಲ್ಲ ಬೀಜಗಣಿತಕ್ಕೆ ಹಾಕಬೇಕು. 2ಎಕ್ಸ್ = 8 ಆದರೆ ಎಕ್ಸ್ = 8 − 2 = 6 ಅನ್ನುವ ಮಗು ಮುಂದೆ ಹತ್ತನೇ ಕ್ಲಾಸಿನಲ್ಲಿ ವರ್ಗಸಮೀಕರಣದ ಎದುರು ಕೂರುತ್ತದೆ. "ಆ ಕಡೆ ಹೋದರೆ ಚಿಹ್ನೆ ಬದಲಾಗುತ್ತೆ" ಅಂತ ಹೇಳಿಕೊಟ್ಟವರು ನಾವೇ ಅಲ್ವಾ? ಯಾಕೆ ಬದಲಾಗುತ್ತೆ ಅಂತ ತೋರಿಸಲು ಸಮಯ ಇರಲಿಲ್ಲ, ಯಾಕಂದರೆ ಆ ವಾರದಲ್ಲಿ ಪೋರ್ಷನ್ ಮುಗಿಯಬೇಕಿತ್ತು.

ಈ ಭಾರದ ಪಾಠಗಳೆಲ್ಲ ನವೆಂಬರ್ ಒಳಗೆ ಆಗಬೇಕು ಅನ್ನುವುದು ನನ್ನ ಹಟ. ಡಿಸೆಂಬರ್ ನಂತರ ಎಂಟನೇ ಕ್ಲಾಸು ಅನಾಥ. ಟೀಚರ್ ಎಸ್ಸೆಸ್ಸೆಲ್ಸಿ ಮಕ್ಕಳ ಸ್ಪೆಷಲ್ ಕ್ಲಾಸು, ಪೂರ್ವಸಿದ್ಧತಾ ಪರೀಕ್ಷೆಗಳಲ್ಲಿ ಮುಳುಗಿರುತ್ತಾರೆ. ಮಕ್ಕಳ ಮನೆಯಲ್ಲೂ ಅದೇ ಹೊತ್ತಿಗೆ ಅಡಿಕೆ ಗೊನೆ ಕೊಯ್ಲು. ರಾತ್ರಿ ಅಡಿಕೆ ಸುಲಿಯಲು ಕೂತ ಹುಡುಗ ಬೆಳಗ್ಗೆ ಮೊದಲ ಪಿರಿಯಡ್ಡಿನಲ್ಲಿ ತೂಕಡಿಸುತ್ತಾನೆ. ಅವನನ್ನು ಎಬ್ಬಿಸಿ ಅಪವರ್ತಿಸು ಅಂದರೆ ಏನು ಪ್ರಯೋಜನ? ಆ ತಿಂಗಳಿಗೆ ವಿಲೋಮ ಅನುಪಾತ ಇಟ್ಟರೆ ಆಯಿತು. ಇಷ್ಟು ಜನ ಕೂತರೆ ಇಷ್ಟು ದಿನ, ಇಬ್ಬರು ಬರದಿದ್ದರೆ ಎಷ್ಟು ದಿನ? ಸುಲಿಯುವವನಿಗೆ ಈ ಲೆಕ್ಕ ನನಗಿಂತ ಚೆನ್ನಾಗಿ ಗೊತ್ತು.

"ನೀವು ಹೀಗೆಲ್ಲ ಬರೆದರೆ ಮೇಲಿನಿಂದ ವಿಸಿಟ್ ಬಂದವರು ಸುಮ್ಮನಿರ್ತಾರಾ ಮೇಡಂ?" ಅಂತ ಸಹೋದ್ಯೋಗಿಗಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಯೋಜನೆಯೂ ಡೈರಿಯೂ ತಾಳೆ ಆಗಬೇಕು, ಇಲ್ಲದಿದ್ದರೆ ವಿವರಣೆ ಕೊಡಬೇಕು. ನಾನು ತೋರಿಸುವುದು ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್. ಶಿಕ್ಷಕರ ಕರ್ತವ್ಯಗಳ ಪಟ್ಟಿ ಅದು. ನಿಗದಿತ ಸಮಯದಲ್ಲಿ ಪೂರ್ತಿ ಪಠ್ಯಕ್ರಮ ಮುಗಿಸಬೇಕು ಅಂತ ಒಂದು ಉಪವಾಕ್ಯ ಹೇಳುತ್ತದೆ. ಅದರ ಮುಂದಿನದೇ ಪ್ರತಿ ಮಗುವಿನ ಕಲಿಕಾ ಸಾಮರ್ಥ್ಯ ನೋಡಿ ಬೇಕಾದ ಹೆಚ್ಚಿನ ಪಾಠ ಕೊಡಬೇಕು ಅನ್ನುತ್ತದೆ. ಎರಡೂ ಕಾನೂನೇ. ವಿಸಿಟ್‌ಗೆ ಬಂದವರು ಮೊದಲನೆಯದನ್ನು ಕೇಳುತ್ತಾರೆ, ಯಾಕಂದರೆ ಅದಕ್ಕೆ ಟಿಕ್ ಹಾಕಬಹುದು. ಎರಡನೆಯದಕ್ಕೆ ಕ್ಲಾಸಿನಲ್ಲಿ ಕೂರಬೇಕು. ಆದರೂ ಪಾಠ ಬಿಟ್ಟಿಲ್ಲ, ಸೇರಿಸಿದ್ದೇನೆ, ಕಾರಣ ಇದು ಅಂತ ಲಿಖಿತವಾಗಿ ಇಟ್ಟರೆ ಒಪ್ಪುವ ಅಧಿಕಾರಿಗಳೂ ಇದ್ದಾರೆ.

ಕಾಲಂ ಹಾಕುವುದೇ ಆದರೆ ಇನ್ನೊಂದು ಕಾಲಂ ಇರಲಿ ಅನ್ನುತ್ತೇನೆ: "ಈ ಪಾಠ ಎಷ್ಟರ ಮಟ್ಟಿಗೆ ಆಯಿತು". ಏಪ್ರಿಲ್‌ನಲ್ಲಿ ಅದನ್ನು ತುಂಬಿಸಿ, ಒಂಬತ್ತನೇ ಕ್ಲಾಸು ತೆಗೆದುಕೊಳ್ಳುವವರಿಗೆ ಒಂದು ಪ್ರತಿ ಕೊಡಿ. ಘನಮೂಲ ಮೇಲೆ ಮೇಲೆ ಆಗಿದೆ, ಅಪವರ್ತನ ಅರ್ಧ ಕ್ಲಾಸಿಗೆ ಬಂದಿಲ್ಲ, ಬಹುಪದೋಕ್ತಿ ಶುರು ಮಾಡುವ ಮುಂಚೆ ಒಂದು ವಾರ ಇಟ್ಟುಕೊಳ್ಳಿ. ಸಹಿ, ಸೀಲು ಏನೂ ಬೇಡ. ವರ್ಗಾವಣೆ ಆಗದಿದ್ದರೆ ಆ ಪ್ರತಿ ನಿಮ್ಮ ಕೈಗೇ ಬರುತ್ತದೆ.