ಚೆಂಡೆಯ ಪೆಟ್ಟಿಗೆ ಎಷ್ಟು ವಾಟ್?

ಅಡಿಕೆಗೆ ಒಳ್ಳೆಯ ಧಾರಣೆ ಬಂದ ವರ್ಷ ಕಾಸರಗೋಡಿನ ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಮನೆಗಳಲ್ಲಿ ಮೊದಲು ಬದಲಾಗುವುದು ಸ್ಕೂಟರು, ಆಮೇಲೆ ಫ್ರಿಜ್ಜು. ಇವೆರಡೂ ಆಗಿ ಕೈಯಲ್ಲಿ ನಾಲ್ಕು ಕಾಸು ಉಳಿದು, ಯಜಮಾನರಿಗೆ ಹಾಡಿನ ಹುಚ್ಚೂ ಇದ್ದರೆ, ಚಾವಡಿಯ ಮೂಲೆಯ ಹಳೆ ಮ್ಯೂಸಿಕ್ ಸಿಸ್ಟಮ್ಮಿನ ಮೇಲೆ ಕಣ್ಣು ಬೀಳುತ್ತದೆ. ಮಂಗಳೂರಿಗೆ ಹೋಗಿ ಹೆಚ್ಚು ವಾಟಿನ ಆಂಪ್ಲಿಫೈಯರ್ ತಂದು ಹಳೆ ಸ್ಪೀಕರಿಗೇ ಜೋಡಿಸುತ್ತಾರೆ. ಸಂಜೆ ಬಂದ ನೆಂಟರು ಚಹಾ ಕುಡಿಯುತ್ತಾ ಕೇಳುತ್ತಾರೆ:

“ಎಂತ ಭಾವ, ಇಷ್ಟು ಖರ್ಚು ಮಾಡಿದ್ರೂ ಸ್ವರ ಮೊದಲಿನ ಹಾಗೇ ಉಂಟಲ್ಲ!”

“ಇಲ್ಲ ಭಾವ, ಸರೀ ಕೇಳಿ. ಬೇಸ್ ಬಂದಿದೆ.”

ನೆಂಟರು ಸರಿಯಾಗಿಯೇ ಕೇಳಿದ್ದಾರೆ. 40 ವಾಟಿನದನ್ನು ತೆಗೆದು 80 ವಾಟಿನದನ್ನು ಇಟ್ಟರೆ ಸಿಗುವುದು 3 ಡೆಸಿಬೆಲ್, ಅಷ್ಟೆ. ಅದೂ ವಾಲ್ಯೂಮ್ ಪೂರ್ತಿ ತಿರುಗಿಸಿದಾಗ. ಕಿವಿಗೆ “ಎರಡು ಪಟ್ಟು ಜೋರು” ಅನಿಸಬೇಕಾದರೆ 10 ಡೆಸಿಬೆಲ್ ಏರಬೇಕು. ಅದಕ್ಕೆ ಹತ್ತು ಪಟ್ಟು ವಾಟ್ ಬೇಕು.

ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನವರಿಗೆ ಆಂಪ್ಲಿಫೈಯರಿಗೂ ಸ್ಪೀಕರಿಗೂ ಇರಬೇಕಾದ ಸಮತೋಲದ ವಿಚಾರವನ್ನು ಉದ್ದ ಹೇಳಬೇಕಾಗಿಲ್ಲ. ಸ್ಪೀಕರು ಮುಮ್ಮೇಳ; ಪ್ಲೇಯರು, ಡ್ಯಾಕು (ಡಿಜಿಟಲ್ ಹಾಡನ್ನು ಆಂಪ್ಲಿಫೈಯರಿಗೆ ತಿಳಿಯುವ ವಿದ್ಯುತ್ ಅಲೆಯಾಗಿ ಮಾಡುವ ಯಂತ್ರ), ಆಂಪ್ಲಿಫೈಯರು ಹಿಮ್ಮೇಳ. ಭಾಗವತರು ಎಷ್ಟೇ ಚೆನ್ನಾಗಿ ಪದ ಹೇಳಲಿ, ವೇಷ ಕುಣಿಯದಿದ್ದರೆ ಆಟ ಏಳುವುದಿಲ್ಲ. ವೇಷಕ್ಕೆ ಕುಣಿಯುವ ಹುಮ್ಮಸ್ಸಿದ್ದು ಚೆಂಡೆಯವನ ಕೈ ಸೋತರೂ ಅದೇ ಗತಿ. ವ್ಯತ್ಯಾಸ ಏನೆಂದರೆ, ಇಂದಿನ ಕಾಲದಲ್ಲಿ ಹಿಮ್ಮೇಳ ಅಗ್ಗ, ಮುಮ್ಮೇಳ ದುಬಾರಿ. ಸಾಧಾರಣ ಆಂಪ್ಲಿಫೈಯರಿನ ಡಿಸ್ಟಾರ್ಷನ್, ಅಂದರೆ ಸ್ವರ ಕೆಡಿಸುವ ಪ್ರಮಾಣ, ಶೇಕಡಾ 0.01ರ ಆಸುಪಾಸಿನಲ್ಲಿ ಇರುತ್ತದೆ. ಒಳ್ಳೆಯ ಸ್ಪೀಕರು ಕೂಡ ಬೇಸ್ ನುಡಿಸುವಾಗ ಶೇಕಡಾ ಒಂದನ್ನು ಸುಲಭದಲ್ಲಿ ದಾಟುತ್ತದೆ. ಹಾಗಾಗಿ ಕೈಯಲ್ಲಿ ಒಂದು ಲಕ್ಷ ಇದ್ದರೆ 50-60 ಸಾವಿರ ಸ್ಪೀಕರಿಗೆ, 25-30 ಸಾವಿರ ಆಂಪಿಗೆ, ಹತ್ತು ಸಾವಿರದ ಒಳಗೆ ಡ್ಯಾಕಿಗೆ, ಉಳಿದದ್ದು ಸ್ಟ್ಯಾಂಡು ಮತ್ತು ವಯರಿಗೆ ಎಂದು ಹಂಚಿಕೊಂಡರೆ ಮೋಸವಿಲ್ಲ.

ಯಾವ ಆಂಪು ಎಂಬ ಲೆಕ್ಕ ಸ್ಪೀಕರಿನ ಬೆನ್ನಿನಿಂದ ಶುರುವಾಗಬೇಕು. ಅಲ್ಲಿ, ಇಲ್ಲದಿದ್ದರೆ ಜೊತೆಗೆ ಬಂದ ಕಾಗದದಲ್ಲಿ, ಸೆನ್ಸಿಟಿವಿಟಿ 86 ಡಿಬಿ (ಡೆಸಿಬೆಲ್) ಎಂದೋ 91 ಡಿಬಿ ಎಂದೋ ಇರುತ್ತದೆ. ಒಂದು ವಾಟ್ ಕೊಟ್ಟು ಒಂದು ಮೀಟರ್ ದೂರದಲ್ಲಿ ಅಳೆದ ಸದ್ದು ಅದು. ವಾಟಿನ ಬದಲು 2.83 ವೋಲ್ಟ್ ಎಂದು ಬರೆದಿದ್ದರೆ ಸ್ಪೀಕರಿನ ಓಮ್ (ಕರೆಂಟಿಗೆ ಅದು ಒಡ್ಡುವ ತಡೆ) ಎಷ್ಟು ಅಂತಲೂ ನೋಡಿ: 8 ಓಮಿಗೆ ಅದು ಒಂದು ವಾಟ್, 4 ಓಮಿಗೆ ಎರಡು. ಕಂಪನಿಯವರು 3 ಡಿಬಿ ಪುಕ್ಕಟೆ ಏರಿಸಿಕೊಳ್ಳುವುದು ಇಲ್ಲಿಯೇ.

86 ಡಿಬಿಯ ಜೋಡಿಯೊಂದನ್ನು ತೆಗೆದುಕೊಳ್ಳೋಣ. ಮೂರು ಮೀಟರ್ ದೂರ ಕೂತರೆ ಸುಮಾರು 9 ಡಿಬಿ ಕಳೆಯುತ್ತದೆ, ಎರಡು ಸ್ಪೀಕರು ಸೇರಿ 3 ಕೂಡುತ್ತದೆ. ಅಂದರೆ ಬರೇ ಒಂದು ವಾಟಿಗೆ ಕುರ್ಚಿಯ ಹತ್ತಿರ 80 ಡಿಬಿ. ಪದ ಕೇಳಲಿಕ್ಕೆ ಅದು ಧಾರಾಳ ಆಯಿತು, ಒಳಗಿನಿಂದ “ಸ್ವಲ್ಪ ಸಣ್ಣ ಮಾಡಿ” ಎಂಬ ಕೂಗು ಬರುವಷ್ಟು. ಹಾಗಾದರೆ ನೂರು ವಾಟ್ ಯಾಕೆ? ಯುದ್ಧದ ಪದದಲ್ಲಿ ಚೆಂಡೆಗೆ ಬೀಳುವ ಒಂದೊಂದು ಪೆಟ್ಟು ಸರಾಸರಿಗಿಂತ 20 ಡಿಬಿ ಮೇಲೆ ಹಾರಬಹುದು. 20 ಡಿಬಿ ಎಂದರೆ ನೂರು ಪಟ್ಟು. ಆ ಒಂದು ಕ್ಷಣಕ್ಕೆ ನೂರು ವಾಟ್ ಇರಬೇಕು, ಇಲ್ಲದಿದ್ದರೆ ಪೆಟ್ಟಿನ ತಲೆ ಚಪ್ಪಟೆಯಾಗಿ ಚೆಂಡೆ ಹೋಗಿ ರಟ್ಟಿನ ಡಬ್ಬವಾಗುತ್ತದೆ. ಸ್ಪೀಕರು 91 ಡಿಬಿಯದಾದರೆ ಅದೇ ಪೆಟ್ಟಿಗೆ 32 ವಾಟ್ ಸಾಕು. ವಾಟ್ ಕೊಳ್ಳುವ ಬದಲು ಸೆನ್ಸಿಟಿವಿಟಿ ಕೊಂಡರೆ ಲಾಭ ಎನ್ನುವುದು ಇದಕ್ಕೆ. 300ಬಿ ಎಂಬ ಗಾಜಿನ ವಾಲ್ವು ಚಾನೆಲಿಗೆ ಒಂದೊಂದೇ ಇರುವ ಆಂಪು ಸುಮಾರು 8 ವಾಟ್ ಕೊಡುತ್ತದೆ. ಅದರ ಬೆಚ್ಚನೆ ಬೆಳಕಿಗೆ ಮರುಳಾಗಿ 86ರ ಪುಟ್ಟ ಸ್ಪೀಕರಿಗೆ ಕಟ್ಟಿದವರಿಗೆ ಭಾವಗೀತೆ ಸಿಕ್ಕೀತು, ಚೆಂಡೆಯ ಅಬ್ಬರತಾಳ ಸಿಕ್ಕುವುದಿಲ್ಲ.

ಇನ್ನು ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಇರುವ ಪಿಎಂಪಿಒ (ಕ್ಷಣಮಾತ್ರದ, ಉಬ್ಬಿಸಿದ ಲೆಕ್ಕದ) ವಾಟನ್ನು ಪೆಟ್ಟಿಗೆಯ ಜೊತೆಗೇ ಬಿಸಾಡಬಹುದು. ಆರ್‌ಎಂಎಸ್ (ಬಿಡದೆ ಕೊಡಬಲ್ಲ ವಾಟ್) ಎಷ್ಟು, ಎಷ್ಟು ಓಮಿಗೆ, ಎರಡೂ ಚಾನೆಲ್ ಒಟ್ಟಿಗೆ ನುಡಿಸಿದಾಗಲೋ ಅಲ್ಲವೋ ಎಂದು ಕೇಳಿ. ಅಂಗಡಿಯವರು ತಲೆ ಕೆರೆದುಕೊಂಡರೆ ಮಿಷನನ್ನು ತಿರುಗಿಸಿ ಹಿಂದಿನ ಚೀಟಿ ಓದಿ. “60 ವಾಟ್” ಕರೆಂಟು ಎಳೆಯುವ ಯಂತ್ರ ನೂರು ವಾಟನ್ನು ನಿರಂತರ ಹೊರಗೆ ಕೊಡಲಾರದು, ಎಲ್ಲಿಂದ ತಂದೀತು? ಈಗ ಅಂಗೈಯಷ್ಟೇ ಇರುವ ಕ್ಲಾಸ್ ಡಿ ಆಂಪುಗಳು ಬಂದಿವೆ, ಲ್ಯಾಪ್‌ಟಾಪಿನಂಥ ಅಡಾಪ್ಟರಿನಲ್ಲಿ ನಡೆಯುತ್ತವೆ. ಒಳ್ಳೆಯವೇ. ಆದರೆ 24 ವೋಲ್ಟಿನ ಅಡಾಪ್ಟರಿನಲ್ಲಿ 8 ಓಮಿನ ಸ್ಪೀಕರಿಗೆ ಶುದ್ಧವಾಗಿ ಸಿಗುವುದು ಹೆಚ್ಚೆಂದರೆ 36 ವಾಟ್. ಮೇಲೆ ಏನು ಅಚ್ಚಾಗಿದ್ದರೂ ಸರಿ.

ಸಣ್ಣ ಆಂಪಿಗೆ ದೊಡ್ಡ ಸ್ಪೀಕರು ಕಟ್ಟಿದರೆ ಏನೂ ಸುಡುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಮದುವೆ ಮನೆಗಳಲ್ಲಿ ಟ್ವೀಟರು (ಮೇಲಿನ ಸ್ವರ ನುಡಿಸುವ ಪುಟ್ಟ ಭಾಗ) ಸತ್ತದ್ದನ್ನು ನೋಡಿದವರು ಹಾಗೆ ಹೇಳುವುದಿಲ್ಲ. 20 ವಾಟಿನ ಆಂಪನ್ನು ಮಿತಿ ಮೀರಿ ತಿರುಗಿಸಿದರೆ ಅಲೆಯ ತುದಿ ಕತ್ತರಿಸಿ ಚೌಕವಾಗುತ್ತದೆ, 20 ಇದ್ದದ್ದು 40 ವಾಟಿನ ಹತ್ತಿರ ಹೋಗುತ್ತದೆ. ಬೇಸು ಮೇಲೇರದೆ ನಿಂತು, ಮೇಲಿನ ಸ್ವರಗಳು ಮಾತ್ರ ಏರುತ್ತಾ ಹೋಗುತ್ತವೆ. ಅದೆಲ್ಲ ಕೂದಲೆಳೆಯಂಥ ಸುರುಳಿ ಇರುವ, ಒಂದೇ ಸಮನೆ ಕೆಲವೇ ವಾಟ್ ತಾಳುವ ಟ್ವೀಟರಿಗೆ ಹೋಗಿ ಬೀಳುತ್ತದೆ. ಹಿಮ್ಮೇಳದ ಚಕ್ರತಾಳದ ಬಿಲ್ಲೆಗಳ ಸದ್ದು ಮೊದಲು ಕರಕರ ಎನ್ನುತ್ತದೆ, ಆಮೇಲೆ ಇಲ್ಲವೇ ಇಲ್ಲ. ಕರಕರ ಕೇಳಿದ ಕೂಡಲೇ ವಾಲ್ಯೂಮ್ ಇಳಿಸಿದರೆ ಸ್ಪೀಕರು ಉಳಿಯುತ್ತದೆ.

ಓಮಿನ ವಿಷಯ ಚಿಕ್ಕದು, ಆದರೆ ರಿಪೇರಿಗೆ ಹೋಗುವ ಆಂಪುಗಳಲ್ಲಿ ಬಹಳಷ್ಟು ಇದರಿಂದಲೇ ಹೋಗುತ್ತವೆ. 8 ಓಮ್ ಎಂದು ಬರೆದ ಸ್ಪೀಕರು ಕೆಲವು ಸ್ವರಗಳಲ್ಲಿ 4ಕ್ಕೆ ಇಳಿಯುವುದುಂಟು. 4 ಓಮಿನ ಜೋಡಿಗೆ ಸಮಾನಾಂತರವಾಗಿ ಅಡುಗೆಮನೆಗೂ ಇನ್ನೊಂದು 4 ಓಮಿನ ಜೋಡಿ ಎಳೆದರೆ ಆಂಪಿಗೆ ಕಾಣುವುದು 2 ಓಮ್. ಒಳ್ಳೆಯದಾದರೆ ಪ್ರೊಟೆಕ್ಷನ್‌ಗೆ ಹೋಗಿ ಟಕ್ ಎಂದು ನಿಲ್ಲುತ್ತದೆ. ಅಗ್ಗದ್ದಾದರೆ ವಾಸನೆ ಬರುತ್ತದೆ.

ಹೊಸ ಡ್ಯಾಕ್ ಬಂದಾಗ ಶುರುವಾಗುವ ತೊಂದರೆಯೇ ಬೇರೆ. ಡ್ಯಾಕು, ಸಿಡಿ ಪ್ಲೇಯರು 2 ವೋಲ್ಟ್ ಕೊಡುತ್ತವೆ; ಹಳೆ ಆಂಪಿಗೆ ಪೂರ್ತಿ ಅಬ್ಬರಿಸಲು 0.2 ವೋಲ್ಟೇ ಸಾಕಾಗಿರುತ್ತದೆ. ಆಗ ವಾಲ್ಯೂಮಿನ ತಿರುಗಣೆ, ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ, ಏಳು ಗಂಟೆಯಿಂದ ಎಂಟೂವರೆಯವರೆಗೆ ಮಾತ್ರ ಉಪಯೋಗಕ್ಕೆ ಬರುತ್ತದೆ. ಅಷ್ಟು ಕೆಳಗೆ ಎರಡು ಚಾನೆಲ್ ಸರಿಸಮ ಇರುವುದಿಲ್ಲ, ಭಾಗವತರು ಎಡಗಡೆಗೆ ಸರಿದು ಕೂತಂತೆ ಕೇಳುತ್ತದೆ. ಎಷ್ಟೋ ಮಂದಿ ಸ್ಪೀಕರನ್ನೇ ಬೈಯುತ್ತಾರೆ. ಡ್ಯಾಕಿನ ಔಟ್‌ಪುಟ್ಟನ್ನು 10 ಡಿಬಿ ಇಳಿಸಿದರೆ, ಅಥವಾ ನಡುವೆ ಅಷ್ಟೇ ತಗ್ಗಿಸುವ ಅಟೆನ್ಯುಯೇಟರ್ ಹಾಕಿದರೆ, ಅವರು ನಡುವಿಗೆ ಬಂದು ಕೂರುತ್ತಾರೆ.

ಖರ್ಚು ಮಾಡುವಾಗ ಸೋರ್ಸ್ (ಹಾಡು ಹೊರಡುವ ಯಂತ್ರ) ಮೊದಲು, ಸ್ಪೀಕರು ಕೊನೆಗೆ ಎಂಬ ವಾದ 1970ರ ದಶಕದಲ್ಲಿ ಸ್ಕಾಟ್ಲೆಂಡಿನ ಲಿನ್ ಕಂಪನಿಯಿಂದ ಹಬ್ಬಿದ್ದು. ಅವರು ಮಾರುತ್ತಿದ್ದದ್ದು ಟರ್ನ್‌ಟೇಬಲ್, ಅದು ಬೇರೆ ಮಾತು. ಆದರೂ ಅಂದಿಗೆ ವಾದದಲ್ಲಿ ಹುರುಳಿತ್ತು: ಮುಳ್ಳು ಹೆಕ್ಕದೆ ಬಿಟ್ಟದ್ದನ್ನು ಮುಂದಿನ ಯಾವ ಯಂತ್ರವೂ ಸೇರಿಸಲಾರದು. 1982ರಲ್ಲಿ ಸಿಡಿ ಬಂದ ಮೇಲೆ ಆ ಅಂತರ ಕರಗುತ್ತಾ ಬಂತು. ಈಗ ನಾಲ್ಕೈದು ಸಾವಿರದ ಡ್ಯಾಕು ಕೂಡ ಕಿವಿಗೆ ತಿಳಿಯುವ ತಪ್ಪು ಮಾಡುವುದಿಲ್ಲ. ಎಲ್‌ಪಿ ಇಟ್ಟುಕೊಂಡವರಿಗೆ ಮಾತ್ರ ಹಳೆಯ ಮಾತು ಇನ್ನೂ ಅನ್ವಯ.

ಇಷ್ಟೆಲ್ಲ ಸರಿಯಾಗಿಯೂ ಸದ್ದು ಸರಿಯಾಗದಿದ್ದರೆ ತಪ್ಪು ಕೋಣೆಯದ್ದು. ನಮ್ಮ ಕಡೆಯ ಹಳೆ ಹಂಚಿನ ಮನೆಗಳು ಈ ಮಟ್ಟಿಗೆ ಪುಣ್ಯವಂತವು. ಮರದ ಮುಚ್ಚಿಗೆ ಸ್ವಲ್ಪ ಬೇಸನ್ನು ನುಂಗುತ್ತದೆ, ಪಕ್ಕಾಸು ಹಂಚುಗಳ ಸಂದಿಯಲ್ಲಿ ಸ್ವಲ್ಪ ಹೊರಗೆ ಹೋಗುತ್ತದೆ. ಮುರಕಲ್ಲಿನ ಗೋಡೆಗೆ ನುಣ್ಣಗೆ ಸಾರಣೆ ಮಾಡಿ, ಕೆಳಗೆ ವಿಟ್ರಿಫೈಡ್ ಟೈಲ್ಸ್, ಮೇಲೆ ಸ್ಲ್ಯಾಬ್ ಹಾಕಿದ ಹೊಸ ಮನೆಯಲ್ಲಿ ಸದ್ದಿಗೆ ಹೋಗಲು ಜಾಗವೇ ಇಲ್ಲ. ಕೋಣೆಯ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ. “ಟ್ರ್‌ರ್” ಎಂದು ಬಾಲ ಕೇಳಿದರೆ ಯಾವ ಆಂಪೂ ಅದನ್ನು ಸರಿ ಮಾಡುವುದಿಲ್ಲ. ಒಂದು ದಪ್ಪ ಜಮಖಾನ, ಒಂದು ಗೋಡೆಗೆ ಪುಸ್ತಕದ ಕಪಾಟು ಇಷ್ಟರಿಂದಲೇ ಅರ್ಧ ವಾಸಿ. ತೆಳು ಪರದೆ ಮೂರು ಕಡೆ ಇಳಿಬಿಟ್ಟರೆ ಮೇಲಿನ ಸ್ವರ ಮಾತ್ರ ಸತ್ತು ಗುಂಯ್ ಎನ್ನುವ ಕೆಳಗಿನದು ಹಾಗೆಯೇ ಉಳಿಯುತ್ತದೆ.

12 ಅಡಿಗೆ 12 ಅಡಿಯ ಚೌಕ ಕೋಣೆ ಎಲ್ಲಕ್ಕಿಂತ ಕೆಟ್ಟದ್ದು. ಉದ್ದಕ್ಕೂ ಅಗಲಕ್ಕೂ 47 ಹರ್ಟ್ಸ್‌ನಲ್ಲೇ ಅಲೆ ನಿಲ್ಲುತ್ತದೆ, ಒಂದರ ಮೇಲೊಂದು ಕೂಡಿಕೊಂಡು. ಸಿನಿಮಾ ಹಾಡಿನ ಬೇಸ್ ಗಿಟಾರು ಓಡಾಡುವ ಜಾಗ ಅದು. ಗೋಡೆಗೆ ಒರಗಿ ಕೂತವರಿಗೆ ಎದೆ ನಡುಗುತ್ತದೆ, ಸರಿ ನಡುವೆ ಕೂತವರು “ಬೇಸೇ ಇಲ್ಲ” ಎನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಹಿಂದಿನ ಗೋಡೆಯಿಂದ ನಾಲ್ಕೂವರೆ ಅಡಿ ಮುಂದೆ ಕುರ್ಚಿ ಹಾಕಿ ನೋಡಿ. ಸ್ಪೀಕರನ್ನು ಮೂಲೆಯಿಂದ ಎಳೆದು ಗೋಡೆಗೂ ಅದಕ್ಕೂ ಒಂದೂವರೆ ಎರಡು ಅಡಿ ಬಿಡಿ, ಟ್ವೀಟರು ಕಿವಿಯ ಎತ್ತರಕ್ಕೆ ಬರಲಿ, ಎರಡು ಸ್ಪೀಕರಿನ ನಡುವಿನ ದೂರವೂ ಕುರ್ಚಿಗಿರುವ ದೂರವೂ ಹೆಚ್ಚುಕಡಿಮೆ ಒಂದೇ ಇರಲಿ. ಒಂದು ಪೈಸೆ ಖರ್ಚಿಲ್ಲದ ಈ ಕೆಲಸವೇ ಮನೆಯಲ್ಲಿ ಅತಿ ದೊಡ್ಡ ಜಗಳಕ್ಕೆ ಕಾರಣ, ಯಾಕೆಂದರೆ ಸ್ಪೀಕರು ನಡೆದಾಡುವ ದಾರಿಗೆ ಬರುತ್ತದೆ.

ವಯರಿನ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ನಾಲ್ಕು ಮೀಟರಿನ ಒಳಗೆ 1.5 ಚದರ ಮಿಲಿಮೀಟರಿನ ತಾಮ್ರದ ಎಳೆವಯರು ಸಾಕು, ಮನಸ್ಸಮಾಧಾನಕ್ಕೆ 2.5 ಹಾಕಿ. ಕಡಲಿನ ಗಾಳಿಗೆ ತೆರೆದ ತುದಿ ಒಂದೆರಡು ಮಳೆಗಾಲದಲ್ಲಿ ಹಸಿರು ಕಿಲುಬು ಹಿಡಿಯುತ್ತದೆ. ಅರ್ಧ ಇಂಚು ಕತ್ತರಿಸಿ ಹೊಸ ತುದಿ ಬಿಚ್ಚಿ ಸಿಕ್ಕಿಸಬೇಕು. ಒಂದು ಸ್ಪೀಕರಿಗೆ ಮಾತ್ರ ಪ್ಲಸ್ಸು ಮೈನಸ್ಸು ಅದಲುಬದಲಾದರೆ ಬೇಸು ತೆಳ್ಳಗಾಗಿ ಹಾಡುಗಾರ ಎಲ್ಲಿದ್ದಾನೆಂದೇ ತಿಳಿಯುವುದಿಲ್ಲ. ಅನುಮಾನ ಬಂದರೆ ಆಂಪಿನ ಕಡೆಯ ವಯರು ಕಳಚಿ ಗಡಿಯಾರದ 1.5 ವೋಲ್ಟಿನ ಸೆಲ್ಲನ್ನು ಅದಕ್ಕೆ ಒಂದು ಕ್ಷಣ ತಾಗಿಸಿ: ಪ್ಲಸ್ಸು ಪ್ಲಸ್ಸಿಗೆ ಇದ್ದರೆ ವೂಫರು (ಬೇಸ್ ನುಡಿಸುವ ದೊಡ್ಡ ಭಾಗ) ಮುಂದೆ ಬರುತ್ತದೆ. ಸೆಕೆಂಡ್‌ಹ್ಯಾಂಡ್ ಕೊಳ್ಳುವಾಗ ವೂಫರಿನ ಅಂಚನ್ನು ಬೆರಳಲ್ಲಿ ಮೆಲ್ಲಗೆ ಮುಟ್ಟಿ ನೋಡಿ. ಫೋಮ್ ಆಗಿದ್ದರೆ ನಮ್ಮ ತೇವಕ್ಕೆ ಪುಡಿಯಾಗಿರುವ ಸಂಭವವೇ ಹೆಚ್ಚು, ರಬ್ಬರ್ ಬಾಳುತ್ತದೆ. ಹಿಂದಿನ ಪೋರ್ಟಿನೊಳಗೆ ಟಾರ್ಚು ಹಾಕುವುದನ್ನೂ ಮರೆಯಬೇಡಿ, ಕಣಜಗಳಿಗೆ ಮಣ್ಣಿನ ಗೂಡು ಕಟ್ಟಲು ಆ ಕೊಳವೆ ಹೇಳಿ ಮಾಡಿಸಿದ ಜಾಗ.

ಕೊಳ್ಳುವ ಮೊದಲು ಮನೆಗೆ ತಂದು ಕೇಳಲು ಅಂಗಡಿಯವರು ಒಪ್ಪಿದರೆ ಆಟಿ ತಿಂಗಳಲ್ಲಿ ತರಬೇಡಿ. ತಾರಸಿಯ ಮೇಲಿನ ಶೀಟಿಗೆ ಮಳೆ ಹೊಡೆಯುವಾಗ ಐದು ಸಾವಿರದ ಡ್ಯಾಕಿಗೂ ಐವತ್ತು ಸಾವಿರದ ಡ್ಯಾಕಿಗೂ ಬಡವ ಬಲ್ಲಿದ ಭೇದವಿಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಫೋನಿನ ಡೆಸಿಬೆಲ್ ಮೀಟರಿನಲ್ಲಿ ಎರಡರ ಸದ್ದನ್ನೂ ಸರಿಸಮ ಮಾಡಿಕೊಳ್ಳಿ. ಒಂದೇ ಡಿಬಿ ಜೋರಿದ್ದರೂ ಕಿವಿ ಅದನ್ನೇ ಒಳ್ಳೆಯದು ಎನ್ನುತ್ತದೆ. ತುಲಾ ತಿಂಗಳ ಸಂಜೆ ಗುಡುಗು ಕೇಳಿದರೆ ಪರೀಕ್ಷೆ ಅಲ್ಲಿಗೇ ಬಿಡಿ. ಸ್ವಿಚ್ಚು ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು. ಟಿವಿಯಿಂದ ಆಂಪಿಗೆ ಎಳೆದ ವಯರನ್ನೂ ತೆಗೆಯಬೇಕು, ಏಕೆಂದರೆ ಸಿಡಿಲು ಎಷ್ಟೋ ಸಲ ಒಳಗೆ ಬರುವುದು ಮಾಡಿನ ಮೇಲಿನ ಡಿಶ್ಶಿನ ದಾರಿಯಾಗಿ.