ಅಜ್ಜನ ಕೋವಿಗಿಂತ ಹಳೆಯ ಹೊಸ ಕೋವಿ

ಮನೆಯಲ್ಲಿ ಕೂತು ಬಂದೂಕು ಮಾಡುವವನ ಬಗ್ಗೆ ಜನರಿಗೆ ಇರುವ ಭಯಭಕ್ತಿ ಪೂರ್ತಿ ಅನಗತ್ಯ. ಆ ಕೆಲಸದಲ್ಲಿ ಮುಕ್ಕಾಲು ಪಾಲು ಬಡಗಿತನ. ಉಳಿದದ್ದರಲ್ಲಿ ಮುಕ್ಕಾಲು ಪಾಲು ಅರ ಹಿಡಿದು ಉಜ್ಜುವುದು. ಮಿಕ್ಕಿದ್ದು ಮನೆಯವರ ಕಣ್ಣು ತಪ್ಪಿಸುವುದು.

ನಾವಿರುವುದು ಪೆನ್ಸಿಲ್ವೇನಿಯಾದಲ್ಲಿ, ಲ್ಯಾಂಕಾಸ್ಟರ್ ಕೌಂಟಿಯ ಪಕ್ಕದಲ್ಲಿ. ಹದಿನೆಂಟನೆಯ ಶತಮಾನದಲ್ಲಿ ಜರ್ಮನಿ, ಸ್ವಿಟ್ಜರ್ಲೆಂಡ್‌ಗಳಿಂದ ಬಂದು ಇಲ್ಲಿ ನೆಲೆಸಿದ ಕಸಬುದಾರರು ತಮ್ಮೂರಿನ ಗಿಡ್ಡ, ದಪ್ಪ ಬೇಟೆ ಕೋವಿಯನ್ನು ಎಳೆದು ಎಳೆದು ಉದ್ದ ಮಾಡಿದರು. ನಳಿಗೆಯೇ ಮೂರೂವರೆ ಅಡಿ ದಾಟಿತು. ಹುಟ್ಟಿದ್ದು ಪೆನ್ಸಿಲ್ವೇನಿಯಾದಲ್ಲಾದರೂ ಲೋಕವೆಲ್ಲ ಅದನ್ನು ಕೆಂಟಕಿ ರೈಫಲ್ ಎಂದು ಕರೆಯುತ್ತದೆ. ಈ ಅನ್ಯಾಯದ ಬಗ್ಗೆ ನಮ್ಮ ಪಕ್ಕದ ಮನೆಯ ಮುದುಕರು ಬೇಲಿಯಾಚೆಯಿಂದ ಎಷ್ಟು ಸಲ ಹೇಳಿದರೆಂದರೆ, ಕೊನೆಗೆ ಅದರಲ್ಲಿ ಒಂದನ್ನು ನಾನೇ ಮಾಡಿಬಿಡುವುದು ಅವರ ಮಾತು ಕೇಳುವುದಕ್ಕಿಂತ ಸುಲಭ ಅನ್ನಿಸಿತು.

ಸಾಮಾನೆಲ್ಲ ಅಂಚೆಯಲ್ಲೇ ಬಂತು. 1968ರ ಇಲ್ಲಿನ ಕಾನೂನಿನ ಕಣ್ಣಿನಲ್ಲಿ ಬಾಯಿಯಿಂದ ಮದ್ದು ತುಂಬುವ ಹಳೆ ಮಾದರಿಯ ಕೋವಿ ಬಹುಮಟ್ಟಿಗೆ ಪುರಾತನ ವಸ್ತು, ಬಂದೂಕೇ ಅಲ್ಲ. ಈ ಸಂಗತಿಯನ್ನು ಹೆಂಡತಿಗೆ ಸಮಾಧಾನವಾಗಲಿ ಎಂದು ವಿವರಿಸಿದೆ. ಪೆಟ್ಟಿಗೆ ಬಿಚ್ಚಿ ನೋಡಿದ ಆಕೆ ಕಾನೂನಿನ ಮಾತಿಗೆ ಒಪ್ಪಿದಳು. ಒಳಗಿದ್ದದ್ದು ಒಂದು ಎಂಟು ಮುಖದ ಕಬ್ಬಿಣದ ಕೊಳವೆ, ಒಂದು ಮೇಪಲ್ ಮರದ ದಿಮ್ಮಿ ಮತ್ತು ಗುಜರಿ ಅಂಗಡಿಯವನೂ ತೂಕಕ್ಕೆ ಹಾಕಲು ಹಿಂಜರಿಯುವಂತಹ ಒಂದಷ್ಟು ಹಿತ್ತಾಳೆ ಚೂರುಗಳು. "ಇದು ಬಂದೂಕಲ್ಲ ಎಂದು ಹೇಳಲು ಕಾನೂನು ಬೇಕೇ?" ಎಂದಳು.

ಮೇಪಲ್‌ನಲ್ಲಿ ಅಲೆಅಲೆಯಾದ ಹುಲಿಪಟ್ಟೆಯ ಜಾತಿಯನ್ನೇ ಈ ಕೋವಿಗೆ ಬಳಸುವುದು ಸಂಪ್ರದಾಯ. ನೋಡಲು ಅಪ್ಸರೆ. ಉಳಿ ಇಟ್ಟರೆ ಮಾತ್ರ ಒಂದು ಅಂಗುಲ ಹೋದಮೇಲೆ ಎಳೆ ಇದ್ದಕ್ಕಿದ್ದಂತೆ ದಿಕ್ಕು ಬದಲಿಸುತ್ತದೆ, ನಾವು ಕೇಳದ ಕಡೆಯಿಂದ ಒಂದು ಸಿಬಿರು ಎದ್ದು ಬರುತ್ತದೆ. ಅಲೆಅಲೆಯಾಗಿರುವುದೇ ಅದರ ಅಂದವಾದ್ದರಿಂದ ದೂರುವಂತೆಯೂ ಇಲ್ಲ.

ನಿಜವಾದ ಅವಾಂತರ ಶುರುವಾದದ್ದು ಮಸಿಯಿಂದ. ನಳಿಗೆಯೂ ಚಾಪಿನ, ಅಂದರೆ ಮದ್ದಿಗೆ ಬೆಂಕಿ ಹೊತ್ತಿಸುವ ಯಂತ್ರದ, ತಟ್ಟೆಯೂ ಮರದೊಳಗೆ ಕೂದಲೆಳೆ ಸಂದಿಲ್ಲದಂತೆ ಕೂರಬೇಕು. ಅದಕ್ಕೆ ಇನ್ನೂರೈವತ್ತು ವರ್ಷಗಳ ಹಿಂದೆ ಇದ್ದ ಉಪಾಯವೇ ಇಂದಿಗೂ ಇರುವುದು: ಕಬ್ಬಿಣಕ್ಕೆ ದೀಪದ ಮಸಿ ಹಚ್ಚು, ಮರದ ಗೂಡಿಗೆ ಒತ್ತು, ತೆಗೆ. ಮರದಲ್ಲಿ ಎಲ್ಲೆಲ್ಲಿ ಕಪ್ಪು ತಾಗಿದೆಯೋ ಅಲ್ಲಷ್ಟೇ ಹೆರೆ. ಮತ್ತೆ ಮಸಿ, ಮತ್ತೆ ಒತ್ತು, ಮತ್ತೆ ಹೆರೆ. ಊರಿನಲ್ಲಿ ಅಮ್ಮ ಹರಳೆಣ್ಣೆ ದೀಪದ ಮೇಲೆ ತಾಮ್ರದ ತಟ್ಟೆ ಕವುಚಿ ಕಾಡಿಗೆ ಹಿಡಿಯುತ್ತಿದ್ದದ್ದು ನೆನಪಾಗಿ, ಪೇಟೆಯ ಮಸಿ ಯಾಕೆ ಎಂದು ದೇವರ ಮನೆಯ ದೀಪವನ್ನೇ ಗ್ಯಾರೇಜಿಗೆ ವರ್ಗಾಯಿಸಿದೆ. ಕಾಡಿಗೆ ಉತ್ಕೃಷ್ಟವಾಗಿ ಬಂತು. ಅದಕ್ಕೆ ಇರುವ ಒಂದು ಗುಣವನ್ನು ಅಮ್ಮ ಹೇಳಿರಲಿಲ್ಲ: ಅದು ಇಟ್ಟಲ್ಲಿ ಇರುವುದಿಲ್ಲ. ಮೊದಲು ಫ್ರಿಜ್ಜಿನ ಹಿಡಿ, ಆಮೇಲೆ ಮೆಟ್ಟಿಲಿನ ಕಂಬಿ, ಮಗಳ ಗಣಿತದ ಪುಸ್ತಕ, ಬಿಳಿ ಸೋಫಾ. ಬಾತ್‌ರೂಮಿನ ದೀಪದ ಸ್ವಿಚ್ಚಿನ ಮೇಲೆ ನನ್ನ ಹೆಬ್ಬೆರಳು ಎಷ್ಟು ಸ್ಪಷ್ಟವಾಗಿ ಮೂಡಿತ್ತೆಂದರೆ ಯಾವ ಪೊಲೀಸರಿಗೂ ಇಷ್ಟು ಒಳ್ಳೆಯ ಸಾಕ್ಷ್ಯ ಸಿಕ್ಕಿರಲಿಕ್ಕಿಲ್ಲ.

ಒಂದು ಬೆಳಿಗ್ಗೆ ಕಚೇರಿಯ ವಿಡಿಯೊ ಸಭೆಯ ಉದ್ದಕ್ಕೂ ಎಲ್ಲರೂ ನನ್ನೊಡನೆ ಅಸಾಧಾರಣ ಗೌರವದಿಂದ ಮಾತನಾಡಿದರು. ಸಭೆ ಮುಗಿದ ಮೇಲೆ ಮೇಲಧಿಕಾರಿಯಿಂದ ಖಾಸಗಿ ಸಂದೇಶ: ನಿಮ್ಮ ಹಬ್ಬಕ್ಕೆ ಹಾರ್ದಿಕ ಶುಭಾಶಯಗಳು, ರಜೆ ಬೇಕಿದ್ದರೆ ಸಂಕೋಚಪಡಬೇಡಿ. ಕನ್ನಡಿ ನೋಡಿದರೆ ಹಣೆಯ ನಡುವೆ ಮೂರು ಬೆರಳಿನ ಕಪ್ಪು ಪಟ್ಟೆ. ಬೆವರು ಒರೆಸಿಕೊಂಡದ್ದು. ಯಾವ ಹಬ್ಬ ಎಂದು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ರಜೆ ಮಾತ್ರ ತೆಗೆದುಕೊಂಡೆ. ಚಾಪಿನ ತಟ್ಟೆ ಇನ್ನೂ ಕೂತಿರಲಿಲ್ಲ.

ಬಣ್ಣದ ಕಥೆಯನ್ನೂ ಹೇಳಿಬಿಡುತ್ತೇನೆ. ನೈಟ್ರಿಕ್ ಆಮ್ಲದಲ್ಲಿ ಕಬ್ಬಿಣ ಕರಗಿಸಿದ ದ್ರಾವಣವನ್ನು ಸೀಸೆಯಲ್ಲೇ ಮಾರುತ್ತಾರೆ. ಬಳಿದಾಗ ಮರ ಹಾಗಲಕಾಯಿಯ ಹಸಿರಿಗೆ ತಿರುಗುತ್ತದೆ. ಆ ಹೊತ್ತಿನಲ್ಲಿ ಗ್ಯಾರೇಜಿನ ಬಾಗಿಲು ತೆರೆದ ಹೆಂಡತಿ ಏನೂ ಮಾತನಾಡದೆ ಬಾಗಿಲು ಮುಚ್ಚಿಕೊಂಡು ಹೋದಳು. ಬಿಸಿಗಾಳಿ ತಾಗಿಸಿದ ಕೂಡಲೇ ಆ ಹಸಿರು ಕಣ್ಣೆದುರೇ ಕೆಂಪು ಮಿಶ್ರಿತ ಕಂದಾಗುತ್ತದೆ, ಹುಲಿಪಟ್ಟೆಗಳೆಲ್ಲ ಎದ್ದು ನಿಲ್ಲುತ್ತವೆ. ಇಡೀ ಕೆಲಸದಲ್ಲಿ ಪವಾಡ ಎನ್ನಬಹುದಾದದ್ದು ಅದೊಂದೇ. ಅದನ್ನು ನೋಡಲು ಆಕೆ ಇರಲಿಲ್ಲ. ಹೊಗೆ ಪತ್ತೆಯಂತ್ರ ಮಾತ್ರ ಇತ್ತು, ಅದು ಬೀದಿಗೆಲ್ಲ ಕೇಳುವಂತೆ ತನ್ನ ಅಭಿಪ್ರಾಯ ತಿಳಿಸಿತು.

ಇನ್ನು ಕಲ್ಲು. ಕುದುರೆ ಎಂದು ಕರೆಯುವ, ಒತ್ತಿದರೆ ಮುಂದಕ್ಕೆ ಬಡಿಯುವ ಕೊಕ್ಕೆಯ ಬಾಯಲ್ಲಿ ಚರ್ಮದ ತುಂಡಿನ ನಡುವೆ ಕಚ್ಚಿಸಿದ ಚಕಮಕಿ ಕಲ್ಲು ಎದುರಿನ ಉಕ್ಕಿನ ಹಲಗೆಗೆ ಬಡಿಯುತ್ತದೆ. ಕಲ್ಲು ಕಿಡಿ ಕೊಡುತ್ತದೆ ಎಂದು ನಾವೆಲ್ಲ ತಿಳಿದಿರುತ್ತೇವೆ. ಉರಿಯುವುದು ಉಕ್ಕು, ಕಲ್ಲು ಅದನ್ನು ಹೆರೆಯುತ್ತದೆ ಅಷ್ಟೇ. ಇಂಗ್ಲೆಂಡಿನ ಬ್ರ್ಯಾಂಡನ್ ಎಂಬ ಊರಿನ ಕಪ್ಪು ಕಲ್ಲಿಗೆ ಹೆಸರಿದೆ, ನೆಪೋಲಿಯನ್ನನ ವಿರುದ್ಧ ಬ್ರಿಟಿಷರು ಸಿಡಿಸಿದ್ದು ಆ ಕಲ್ಲುಗಳನ್ನೇ. ತರಿಸಿಕೊಂಡೆ. ಸಾಗರದ ಹತ್ತಿರದ ಹಳ್ಳಿಯಲ್ಲಿ ಅಡಿಕೆ ತೋಟ ನೋಡಿಕೊಂಡಿರುವ ಚಿಕ್ಕಪ್ಪನಿಗೆ ಫೋನಿನಲ್ಲಿ ಹೆಮ್ಮೆಯಿಂದ ಹೇಳಿದೆ.

"ಕಲ್ಲಿಗೆ ದುಡ್ಡು ಕೊಟ್ಟೆಯಾ?" ಎಂದರು. ಸ್ವಲ್ಪ ತಡೆದು, "ಕಲ್ಲು ಯಾಕೆ? ಕೇಪಿಲ್ಲವೇ ಅದಕ್ಕೆ?"

ಇಲ್ಲ, ಬಡಿದರೆ ಸಿಡಿದು ಮದ್ದಿಗೆ ಬೆಂಕಿ ಕೊಡುವ ಆ ಪುಟ್ಟ ಕೇಪು ಬರುವುದಕ್ಕೆ ಮುಂಚಿನದು ಎಂದೆ.

"ನಮ್ಮಜ್ಜನದೇ ಕೇಪಿನ ಕೋವಿ. ಅದಕ್ಕಿಂತ ಹಳೆಯದು ಮಾಡಲು ನೀನು ಅಮೆರಿಕಕ್ಕೆ ಹೋಗಬೇಕಿತ್ತೇ?"

ಅಜ್ಜನ ಕೋವಿಯ ಬಗ್ಗೆ ಹೇಳಬೇಕು. ಅದು ಬೆಳೆ ರಕ್ಷಣೆಯ ಲೈಸೆನ್ಸಿನ ಕೋವಿ, ಶುದ್ಧ ಸಸ್ಯಾಹಾರಿ. ಮಂಗಗಳನ್ನು ಹೆದರಿಸಲು ಸದ್ದು ಮಾಡುವುದಷ್ಟೇ ಅದರ ಜೀವಮಾನದ ಸಾಧನೆ. ಚುನಾವಣೆ ಘೋಷಣೆಯಾದರೆ ಅದನ್ನು ಠಾಣೆಗೆ ಒಪ್ಪಿಸಬೇಕು. ಲೋಕಸಭೆ, ವಿಧಾನಸಭೆ, ಪಂಚಾಯಿತಿ ಎಂದು ಅದು ತೋಟದಲ್ಲಿದ್ದದ್ದಕ್ಕಿಂತ ಠಾಣೆಯಲ್ಲಿದ್ದದ್ದೇ ಹೆಚ್ಚು ಎಂಬುದು ಚಿಕ್ಕಪ್ಪನ ಲೆಕ್ಕ. ನೀತಿಸಂಹಿತೆ ಯಾವಾಗ ಜಾರಿಗೆ ಬರುತ್ತದೆ ಎಂದು ಮಂಗಗಳಿಗೆ ಮುಂಚಿತವಾಗಿ ತಿಳಿಯುತ್ತದೆ ಎಂಬುದೂ ಅವರ ಖಚಿತ ನಂಬಿಕೆ.

ಆ ಮನೆತನದ ನಾನು ಗುರಿಮೈದಾನಕ್ಕೆ ಹೊರಟದ್ದು ಕಾಗದವನ್ನು ಹೊಡೆಯಲು. ಪಕ್ಕದ ಮನೆಯ ಮುದುಕರಿಗೆ ಇದು ಅರ್ಥವಾಗಲಿಲ್ಲ. ಪೆನ್ಸಿಲ್ವೇನಿಯಾದಲ್ಲಿ 1974ರಿಂದ ಕ್ರಿಸ್‌ಮಸ್ ಕಳೆದ ಮೇಲೆ ಚಕಮಕಿ ಕೋವಿಯವರಿಗೆಂದೇ ಮೀಸಲಾದ ಜಿಂಕೆ ಬೇಟೆಯ ಕಾಲವಿದೆ. ಇಷ್ಟು ಕಷ್ಟಪಟ್ಟವನು ಅದಕ್ಕೂ ಹೋಗದಿದ್ದರೆ ಏನು ಪ್ರಯೋಜನ ಎಂದು ಅವರ ಸಂಕಟ. ಅವರ ಉಸ್ತುವಾರಿಯಲ್ಲೇ ಮದ್ದು ತುಂಬಿ, ಗಜವೆಂಬ ಉದ್ದ ಕೋಲಿನಿಂದ ಗುಂಡು ಇಳಿಸಿ, ಗುರಿ ಹಿಡಿದು ಒತ್ತಿದೆ. ಟಿಕ್. ಕಿಡಿಯಿಲ್ಲ. ಕಲ್ಲಿನ ಅಂಚು ಸರಿಪಡಿಸಿ ಮತ್ತೆ ಒತ್ತಿದೆ. ನಳಿಗೆಯ ಪಕ್ಕದ ಪುಟ್ಟ ಬಟ್ಟಲಿನ ಮದ್ದು ಭುಸ್ ಎಂದು ಉರಿದು ಹೊಗೆಯಾಗಿ ನನ್ನ ಹುಬ್ಬಿನ ಕಡೆಗೆ ಬಂತು, ನಳಿಗೆಯೊಳಗಿನದಕ್ಕೆ ಸುದ್ದಿಯೇ ಮುಟ್ಟಲಿಲ್ಲ. ಮುದುಕರು ಕೋವಿಯನ್ನು ಮೈದಾನದ ಕಡೆಗೇ ಹಿಡಿಸಿ, ಒಂದು ನಿಮಿಷ ಪೂರ್ತಿ ಕಾಯಿಸಿ, ಬಟ್ಟಲಿನಿಂದ ನಳಿಗೆಯೊಳಕ್ಕೆ ಬೆಂಕಿ ಹೋಗುವ ಕಿಂಡಿಗೆ ಸೂಜಿ ಹಾಕಿ ಚುಚ್ಚಿದರು. ಮುಂದಿನ ಸಲ ಭುಸ್ ಎಂದಿತು, ನಾನು "ಅಯ್ಯೋ" ಎಂದೆ, ಆಮೇಲೆ ಢಂ ಎಂದಿತು. ಕಾಗದದಲ್ಲಿ ತೂತು ಬಿತ್ತು. ಪಕ್ಕದ ಗುರಿಯ ಕಾಗದದಲ್ಲಿ. ಅದರ ಯಜಮಾನರು ಸಜ್ಜನರು, ಆ ತೂತನ್ನು ತಮ್ಮದೆಂದೇ ಎಣಿಸಿಕೊಂಡರು.

ಭುಸ್ ಮತ್ತು ಢಂ ನಡುವಿನ ಆ ಅವಕಾಶ ಹೊಸ ಸಮಸ್ಯೆಯಲ್ಲ. ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಫೋರ್ಸಿತ್ ಎಂಬ ಪಾದ್ರಿಗೆ ಬಾತುಕೋಳಿ ಬೇಟೆಯ ಹುಚ್ಚು. ಬಟ್ಟಲಿನ ಹೊಗೆ ಕಂಡೊಡನೆ ಹಕ್ಕಿಗಳು ಗುಂಡು ಬರುವಷ್ಟರಲ್ಲಿ ಜಾಗ ಖಾಲಿ ಮಾಡುತ್ತಿದ್ದವು. ತಲೆಕೆಟ್ಟ ಪಾದ್ರಿ ಪೆಟ್ಟು ಬಿದ್ದರೆ ಸಿಡಿಯುವ ರಾಸಾಯನಿಕದ ಚಾಪು ಕಂಡುಹಿಡಿದು 1807ರಲ್ಲಿ ಪೇಟೆಂಟ್ ಪಡೆದ. ಅದರ ಬೆನ್ನಿಗೇ ಕೇಪು ಬಂತು, ಕೇಪಿನ ಹಿಂದೆ ನಮ್ಮಜ್ಜನ ಕೋವಿ ಬಂತು. ಈ ವಂಶಾವಳಿಯನ್ನೆಲ್ಲ ವಿವರಿಸಿ, ಮಗಳು ತೆಗೆದ ವಿಡಿಯೊ ಜೊತೆಗಿಟ್ಟು ಚಿಕ್ಕಪ್ಪನಿಗೆ ಕಳಿಸಿದೆ. ಅವರು ಅದನ್ನು ಎರಡೆರಡು ಬಾರಿ ನೋಡಿ ಉತ್ತರಿಸಿದರು: "ಪಾದ್ರಿ ಹೇಳಿದ್ದು ಸರಿ. ಆ ಭುಸ್ ಕೇಳಿ ಢಂ ಅನ್ನುವುದರೊಳಗೆ ನಮ್ಮ ಮಂಗ ಬಾಳೆಗೊನೆ ಮುಗಿಸಿ, ಸಿಪ್ಪೆಯನ್ನು ನಿನ್ನ ಮೇಲೆಯೇ ಎಸೆದು ಹೋಗಿರುತ್ತದೆ."