ಚೆಕ್ಕುಬಂದಿ ಅನ್ನೋ ತಲೆನೋವು
ಚಿಂತಾಮಣಿ ಸುತ್ತಲಿನ ಹೋಬಳಿ ಊರುಗಳಲ್ಲಿ ಹಳೇ ಮನೆ ಕೊಳ್ಳೋರನ್ನ ಹೈರಾಣ ಮಾಡೋದು ರೇಟಲ್ಲ, ಚೆಕ್ಕುಬಂದಿ, ಅಂದ್ರೆ ಕಾಗದದಲ್ಲಿ ಬರೆಯೋ ನಾಲ್ಕೂ ದಿಕ್ಕಿನ ಗಡಿ ವಿವರ. ಕ್ರಯಪತ್ರದಲ್ಲಿ ಪೂರ್ವಕ್ಕೆ ಓಣಿ ಅಂತಿರುತ್ತೆ, ಪಂಚಾಯ್ತಿಯ ಆಸ್ತಿ ದಾಖಲೆ ನಮೂನೆ 9ರಲ್ಲಿ ಅದೇ ಪೂರ್ವಕ್ಕೆ ಪಕ್ಕದವರ ಗೋಡೆ. ಅಳತೆ ಅಲ್ಲಿ 30×40, ಇಲ್ಲಿ 28×40. ಟೇಪು ಹಿಡಿದರೆ ಮೂರನೇ ಲೆಕ್ಕ! ಯಾರೋ ಕೂತಲ್ಲೇ ಬರೆದ ತಪ್ಪಿಗೆ ಕೊಳ್ಳೋರು ಯಾಕೆ ತಿಂಗಳುಗಟ್ಟಲೆ ಅಲೀಬೇಕು?

ಅಡ್ವಾನ್ಸ್ ಕೊಡೋ ಮುಂಚೆ ನಾಲ್ಕೂ ದಿಕ್ಕು ಅಳೆದು, ಎರಡೂ ಕಾಗದ ಪಕ್ಕಪಕ್ಕ ಇಟ್ಟು ನೋಡಿ. ತಿದ್ದುಪಡಿ ಮಾರೋರೇ ಮಾಡಿಸಲಿ. ಇಸಿ (ಆಸ್ತಿ ಮೇಲೆ ರಿಜಿಸ್ಟರ್ ಆದ ವ್ಯವಹಾರ ತೋರಿಸೋ ಋಣಭಾರ ಪತ್ರ) ಕ್ಲೀನಾಗಿದೆ ಅಂತ ಅದೊಂದನ್ನೇ ನಂಬಬೇಡಿ. ರಿಜಿಸ್ಟರ್ ಆಗದ ಪಾಲುಪಾರಿಕತ್ತು, ಅಂದ್ರೆ ಮನೆಯವರ ಪಾಲಿನ ಪತ್ರ, ಅದರಲ್ಲಿ ಕಾಣೋದೇ ಇಲ್ಲ. ಸಕ್ರಮ ಆಗದ ಆಸ್ತಿಗೆ ಪಂಚಾಯ್ತಿ ಕೊಡೋ ನಮೂನೆ 11ಬಿ ಕೈಗಿಟ್ಟು "ಇದೂ ಖಾತೆನೇ ಅಲ್ವಾ ಸಾರ್" ಅಂತಾರಲ್ಲ, ಅದಂತೂ ಮೋಸ. ಸಾಲಕ್ಕೆ ಹೋದಾಗ ಗೊತ್ತಾಗುತ್ತೆ.